ಜರಡಿ ದಾಟಿದ ಪುಡಿ

ಜರಡಿ ಒತ್ತಿ ಕಾಫಿ ಸೋಸುವ ಫ್ರೆಂಚ್ ಪ್ರೆಸ್ಸಿನ ಗಾಜಿನ ಜಾಡಿಗೆ ಭಾಗೀರಥಮ್ಮನವರು ತರಿತರಿ ಕಾಫಿಪುಡಿಯ ಜೊತೆ ಒಂದು ಚಮಚ ನುಣ್ಣನೆ ಪುಡಿಯನ್ನೂ ಹಾಕಿ ಬಿಸಿನೀರು ಹೊಯ್ದರು. ಯಜಮಾನರ ನಾಲಿಗೆ ಹೇಗಿರುತ್ತದೋ ನೋಡಿಯೇ ಬಿಡಬೇಕೆಂಬ ಆಸೆ ನುಣ್ಣನೆ ಪುಡಿಗೆ.

"ತರಿಯಣ್ಣ, ನೀನು ಲೋಟಕ್ಕೆ ಬರುವುದಿಲ್ಲವೇ?"

"ನೀರಿಗೆ ನನ್ನ ಘಮ ಕೊಟ್ಟಾಯಿತಲ್ಲ ತಮ್ಮಾ. ಅದು ಹೋಗಿ ಬರಲಿ, ನಾನು ಇಲ್ಲೇ ಇರುತ್ತೇನೆ."

"ಈ ಮೈ ಹೊತ್ತುಕೊಂಡು ನೀನು ಜರಡಿ ದಾಟಿದ ಹಾಗೇ," ಎಂದು ನಕ್ಕ ನುಣ್ಣನೆ ಪುಡಿ, ಭಾಗೀರಥಮ್ಮನವರು ಜರಡಿ ಒತ್ತುತ್ತಲೇ ಅದರ ಕಣ್ಣಲ್ಲಿ ನುಸುಳಿ ಲೋಟ ಸೇರಿತು.

ಯಜಮಾನರು ಹೀರಿದರು. "ಎಂಥ ಘಮ ಕಣೇ." ನುಣ್ಣನೆ ಪುಡಿ ಉಬ್ಬಿಹೋಯಿತು. ಕೊನೆಯ ಗುಟುಕಿನಲ್ಲಿ ಅದು ಅವರ ನಾಲಿಗೆಯನ್ನು ಮುಟ್ಟಿಯೇಬಿಟ್ಟಿತು.

"ಥೂ, ಬಾಯಿತುಂಬ ಗಷ್ಟು. ನಾಳೆಯಿಂದ ತರಿ ಒಂದನ್ನೇ ಹಾಕು," ಎಂದು ಯಜಮಾನರು ಉಗುಳಿದರು.