ತೊಳೆದು ಮಾರಿದ ಕಂಬಳಿ

“ಗುರುಗಳೇ, ಎಲ್ಲರೂ ಸರಿ ಎಂದದ್ದನ್ನೇ ಮಾಡುತ್ತಿದ್ದೇನೆ. ಆದರೂ ಅಂಗಡಿ ಇಳಿಯುತ್ತಲೇ ಇದೆ. ಸರಿಯಾದದ್ದನ್ನೇ ಇನ್ನಷ್ಟು ಮಾಡಲೋ, ಇಲ್ಲ ತಪ್ಪಾಗಿ ಕಾಣುವುದನ್ನು ಒಮ್ಮೆ ಮಾಡಿ ನೋಡಲೋ?”

ಕೇಳಿದವನು ಚನ್ನವೀರ. ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟವನು. ಸೋಮವಾರ ಸೋಮವಾರ ಮಠಕ್ಕೆ ಬಂದು ಗುರುಗಳ ಎದುರು ಕೂರುವವನು. ಗುರುಗಳು ಒಂದು ಕಥೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ನೇಕಾರರಿಂದ ಕಂಬಳಿ ನೇಯಿಸಿ ಮಾರುವುದು ಅವನಿಗೆ ತಂದೆಯಿಂದ ಬಂದ ಕಸುಬು. ತಮ್ಮನೂ ಅವನೂ ಕೂಡಿಯೇ ಅಂಗಡಿ ನಡೆಸುತ್ತಿದ್ದರು. ವ್ಯಾಪಾರಿ ಮೋಸಗಾರನಲ್ಲ, ಸೋಮಾರಿಯೂ ಅಲ್ಲ. ಹುಡುಕಿ ಒಳ್ಳೆಯ ಉಣ್ಣೆ ತರಿಸುತ್ತಿದ್ದ. ಗಿರಾಕಿ ಬಂದರೆ ಎದ್ದು ನಿಂತು ಮಾತನಾಡಿಸುತ್ತಿದ್ದ. ಬಂದವರು ಕಂಬಳಿಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, “ಎಷ್ಟು ಗಟ್ಟಿ!” ಎನ್ನುತ್ತಿದ್ದರು. ಗಟ್ಟಿಯಿದ್ದರೆ ಮೆಚ್ಚುತ್ತಾರೆ ಎಂದು ತಿಳಿದ ವ್ಯಾಪಾರಿ, ನೇಯ್ದ ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯನ್ನು ಇನ್ನೂ ದಪ್ಪಗೆ ಹಚ್ಚಲು ನೇಕಾರರಿಗೆ ಹೇಳಿದ. ಗಂಜಿ ಹೆಚ್ಚಿದ ಹಾಗೆ ಕಂಬಳಿ ಹಲಗೆಯಂತೆ ನಿಂತಿತು. ಹೊಗಳಿಕೆಯೂ ಹೆಚ್ಚಿತು.

ವ್ಯಾಪಾರ ಮಾತ್ರ ಕುಸಿಯಿತು.

ಮೊದಲೆಲ್ಲ ಒಂದು ಮನೆಗೆ ಕಂಬಳಿ ಹೋದರೆ ಪಕ್ಕದ ಮನೆಯವರು ತಾವಾಗಿ ಬರುತ್ತಿದ್ದರು. ಈಗ ಹೋದ ಕಂಬಳಿ ಯಾರನ್ನೂ ಕರೆತರುತ್ತಿರಲಿಲ್ಲ. ವ್ಯಾಪಾರಿಗೆ ಇದು ಅರ್ಥವಾಗಲಿಲ್ಲ. ಕೊಳ್ಳುವವರನ್ನೆಲ್ಲ ನಿಲ್ಲಿಸಿಕೊಂಡು, “ಏನಾದರೂ ಕೊರತೆ ಇದೆಯೇ?” ಎಂದು ಕೇಳಿದ. ಎಲ್ಲರೂ ಇಲ್ಲ ಎಂದರು. ಬೆಲೆ ಇಳಿಸೋಣ ಎಂದ ತಮ್ಮ. ಇಳಿಸಿದರು. ಏಕೆ ಇಳಿಸಿದರೋ ಎಂದು ಜನ ಅನುಮಾನಪಟ್ಟರು. ಇನ್ನೂ ಸ್ವಲ್ಪ ಗಂಜಿ ಹಚ್ಚಿಸಿದರು. ಇನ್ನೂ ಸ್ವಲ್ಪ ಹೊಗಳಿಕೆ ಬಂತು. ವ್ಯಾಪಾರಿಗೆ ಅನ್ನ ರುಚಿಸದಾಯಿತು. ತಪ್ಪು ಕಂಡಿದ್ದರೆ ತಿದ್ದಿಕೊಳ್ಳಬಹುದಿತ್ತು. ಒಂದೂ ಕಾಣುತ್ತಿರಲಿಲ್ಲ.

ಆಗ ಅವನ ಅಕ್ಕ ತವರಿಗೆ ಬಂದಳು. ವ್ಯಾಪಾರಿಯ ಮುಖ ನೋಡಿ ವಿಷಯ ಕೇಳಿದಳು. ಅವನು ಎಲ್ಲವನ್ನೂ ಹೇಳಿದ.

“ಕೊರತೆ ಏನು ಎಂದು ಯಾವಾಗ ಕೇಳಿದೆ?” ಎಂದಳು ಅಕ್ಕ.

“ಕೊಳ್ಳುವಾಗಲೇ ಕೇಳಿದೆ.”

ಅಕ್ಕ ನಕ್ಕಳು. “ಮದುವೆ ಚಪ್ಪರದಲ್ಲಿ ಕೂತ ಮದುಮಗಳನ್ನು ‘ನಿನ್ನ ಗಂಡ ಹೇಗೆ?’ ಎಂದು ಕೇಳಿದರೆ ಅವಳೇನು ಹೇಳುತ್ತಾಳೆ? ನಿನ್ನನ್ನು ಬೈದವರು ಯಾರೂ ಇಲ್ಲವೇ?”

“ಒಬ್ಬಳಿದ್ದಾಳೆ. ಗಾಡಿ ಹೊಡೆಯುವವನ ಹೆಂಡತಿ. ದೊಡ್ಡ ಜಗಳಗಂಟಿ.”

“ಮೊದಲು ಅವಳ ಮನೆಗೆ ಹೋಗಿ ಬಾ.”

ಆ ಹೆಂಗಸು ಹಿಂದಿನ ಮಳೆಗಾಲದಲ್ಲಿ ಕಂಬಳಿಯನ್ನು ತಂದು, ಬೈಯುತ್ತ ಅಂಗಡಿಯ ಹೊಸ್ತಿಲ ಮೇಲೆ ಎಸೆದಿದ್ದಳು. ವ್ಯಾಪಾರಿ ಅದನ್ನು ಎಲ್ಲರೆದುರು ಬಿಡಿಸಿ ಹಿಡಿದು, ಎಲ್ಲಿಯೂ ತೂತಿಲ್ಲ ಎಂದು ತೋರಿಸಿದ್ದ. ಕೆಲವರಿಗೆ ಬಳಸಿ ವಾಪಸು ತರುವುದೇ ಚಾಳಿ ಎಂದಿದ್ದ. ನೆರೆದವರು ನಕ್ಕಿದ್ದರು. ಅವಳು ಕಂಬಳಿಯನ್ನು ಎತ್ತಿಕೊಂಡು ಹೋಗಿದ್ದಳು.

ಹೊಗಳಿದ ಇಷ್ಟು ಜನರನ್ನು ಬಿಟ್ಟು ಬೈದ ಒಬ್ಬಳ ಬಾಗಿಲಿಗೆ ಹೋಗುವುದು ಯಾವ ಸೀಮೆಯ ವ್ಯಾಪಾರ? ಅಕ್ಕನ ಮಾತಿನ ತಲೆಬುಡ ಅವನಿಗೆ ತಿಳಿಯಲಿಲ್ಲ. ಬೇರೆ ದಾರಿಯೂ ಉಳಿದಿರಲಿಲ್ಲ. ಹೋದ. ಆ ಮನೆಯನ್ನು ದಾಟಿ ಮುಂದೆ ಹೋಗಿಬಿಟ್ಟು, ಮತ್ತೆ ತಿರುಗಿ ಬಂದ. ಹೆಂಗಸು ಕೊಟ್ಟಿಗೆಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದಳು. ಎತ್ತಿನ ಬೆನ್ನ ಮೇಲೆ ಅವನ ಅಂಗಡಿಯ ಕಂಬಳಿ ಇತ್ತು. ಒಂದು ಎಳೆಯೂ ಕಿತ್ತಿರಲಿಲ್ಲ.

“ಹರಿದಿಲ್ಲವಲ್ಲ, ತಾಯಿ,” ಎಂದ ವ್ಯಾಪಾರಿ.

“ಹರಿದಿದ್ದರೆ ಹೊಲಿದುಕೊಳ್ಳುತ್ತಿದ್ದೆ, ಸಾಹುಕಾರರೇ. ಬಾಣಂತಿ ಮಗಳಿಗೆಂದು ತಂದಿದ್ದೆ. ಮಳೆಯ ತೇವಕ್ಕೆ ಹುಳಿ ವಾಸನೆ ಹಿಡಿಯಿತು. ಒರಟಿಗೆ ಕೂಸಿನ ಕೆನ್ನೆ ತರಚಿತು. ಆ ಮಳೆಯ ಚಳಿಯಲ್ಲಿ ಕೂಸು ನನ್ನ ಹಳೆಯ ಸೀರೆಯಲ್ಲಿ ಮಲಗಿತು. ಇದನ್ನು ಹೇಳಲೆಂದೇ ಅವತ್ತು ಬಂದಿದ್ದೆ. ಹೇಳಲು ಬಿಟ್ಟಿರಾ? ಹೋಗಲಿ, ಒಂದು ದಿನವಾದರೂ ನಿಮ್ಮ ಕಂಬಳಿಯನ್ನು ನೀವು ಹೊದ್ದಿದ್ದೀರಾ?”

ವ್ಯಾಪಾರಿ ಹೊದ್ದಿರಲಿಲ್ಲ. ಅವನ ಮನೆಯಲ್ಲಿ ತಂದೆಯ ಕಾಲದ ಹಳೆಯ ಕಂಬಳಿಗಳಿದ್ದವು. ಅಂದು ಅಂಗಡಿಯಿಂದ ಹೊಸದೊಂದನ್ನು ಒಯ್ದು ಹೊದ್ದು ಮಲಗಿದ. ಅದು ಮೈಗೆ ಹೊಂದಿಕೊಳ್ಳಲಿಲ್ಲ, ಬಿದಿರು ತಟ್ಟಿಯ ಹಾಗೆ ಮೇಲೆ ನಿಂತಿತು. ಬೆವರಿಗೆ ವಾಸನೆ ಬಂತು. ಹೆಂಡತಿ ಚಾಪೆಯನ್ನು ದೂರ ಎಳೆದುಕೊಂಡಳು. ಬೆಳಗ್ಗೆ ಎದ್ದಾಗ ಅವನ ಕುತ್ತಿಗೆ ಕೆಂಪಾಗಿತ್ತು. ಜನ ಹೊಗಳಿದ್ದು ಈ ಗಂಜಿಯ ಗಟ್ಟಿತನವನ್ನೇ. ಅವರು ಮತ್ತೆ ಬಾರದೆ ಹೋದದ್ದೂ ಇದಕ್ಕೇ. ಒಂದೇ ವಸ್ತು ಎರಡಕ್ಕೂ ಕಾರಣವಾದೀತು ಹೇಗೆ ಎಂದು ಯೋಚಿಸುತ್ತ ಅವನು ಅಂಗಡಿಯ ಬಾಗಿಲು ತೆರೆಯುವುದನ್ನೂ ಮರೆತ.

ಆಮೇಲೆ ಅಂಗಡಿಯ ಕಂಬಳಿಗಳನ್ನೆಲ್ಲ ಹೊಳೆಗೆ ಹೊರಿಸಿದ. ನೆನೆಸಿ, ಕಲ್ಲಿಗೆ ಬಡಿದು, ಗಂಜಿ ಹೋಗುವವರೆಗೆ ತೊಳೆಸಿ ಒಣಗಿಸಿದ. ಹೊಸ ಕಂಬಳಿಗಳು ಮುದುಕರ ಮೈಯಂತೆ ಜೋತುಬಿದ್ದವು. ನೇಕಾರರು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ತಮ್ಮ ಕೂಗಾಡಿದ.

“ಅಣ್ಣ, ಜನ ಹಳೆಯದನ್ನು ಹೊಸದು ಮಾಡಿ ಮಾರುತ್ತಾರೆ. ಹೊಸದನ್ನು ಹಳೆಯದು ಮಾಡಿ ಮಾರುವವರನ್ನು ಎಲ್ಲಿ ಕಂಡಿದ್ದೀಯ?”

“ನಾನೂ ಕಂಡಿಲ್ಲ,” ಎಂದ ವ್ಯಾಪಾರಿ.

ತಮ್ಮ ತನ್ನ ಪಾಲು ಕೇಳಿದ. ತಂದೆ ಕಟ್ಟಿದ ಅಂಗಡಿಯ ನಡುವೆ ಗೋಡೆ ಎದ್ದಿತು. ಗೋಡೆಯ ಆಚೆ ಗಟ್ಟಿ ಕಂಬಳಿ, ಈಚೆ ಮೆತ್ತಗಿನ ಕಂಬಳಿ. ಗಿರಾಕಿಗಳು ಈಚೆ ಬಂದು ತಿಕ್ಕಿ ನೋಡಿ, ಮೂಗು ಮುರಿದು, ಆಚೆ ಹೋದರು. ಗೋಡೆಯಾಚೆಯಿಂದ “ಎಷ್ಟು ಗಟ್ಟಿ!” ಎಂಬ ಮಾತು ಕೇಳಿ ಬರುತ್ತಿತ್ತು. ತಾನು ಮಾಡಿದ್ದು ಸರಿಯೋ, ತಲೆ ಕೆಟ್ಟ ಕೆಲಸವೋ, ವ್ಯಾಪಾರಿಗೆ ತಿಳಿಯಲಿಲ್ಲ. ಮತ್ತೆ ಗಂಜಿ ಹಚ್ಚಿಸಿಬಿಡಲೇ ಎಂದು ಎಷ್ಟೋ ಸಲ ನೇಕಾರರ ಕೇರಿಯವರೆಗೆ ಹೋಗಿ, ಗಾಡಿಯವನ ಮನೆಯ ಕೂಸಿನ ಕೆನ್ನೆ ನೆನಪಾಗಿ ಹಿಂದಿರುಗಿದ.

ತೊಳೆದವುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಗಾಡಿಯವನ ಮನೆಗೆ ಒಯ್ದು, “ಅವತ್ತು ಹಾಗೆ ಆಡಬಾರದಿತ್ತು, ತಾಯಿ,” ಎಂದು ಕೊಟ್ಟ. ಅವಳು ಮುಖ ಸಡಿಲಿಸಲಿಲ್ಲ. ಕಂಬಳಿ ತೆಗೆದುಕೊಂಡು ಒಳಗೆ ಹೋದಳು. ಅಂಗಡಿಗೆ ಬಂದು ಅನುಮಾನಿಸುವವರಿಗೂ ಅವನು ಅಂದಿನಿಂದ ಒಂದೇ ಮಾತು ಹೇಳತೊಡಗಿದ: “ಈಗಲೇ ಕೊಳ್ಳಬೇಡಿ. ಒಯ್ದು ಹೊದ್ದು ಮಲಗಿ. ಒಗ್ಗದಿದ್ದರೆ ತಂದುಕೊಡಿ.” ಊರು ನಕ್ಕಿತು. ಆದರೂ ಕೆಲವರು ಒಯ್ದರು.

ಮಳೆ ಹಿಡಿಯಿತು. ಒಯ್ದವರು ತಂದುಕೊಡಲಿಲ್ಲ. ಬದಲಿಗೆ ಪಕ್ಕದ ಮನೆಯವರು ಬಂದರು. ಗಾಡಿಯವನ ಹೆಂಡತಿಯೂ ಮಗಳ ಅತ್ತೆಯನ್ನು ಕರೆದುಕೊಂಡು ಬಂದು, ಅಂಚು ಚೆನ್ನಾಗಿಲ್ಲ, ಬಣ್ಣ ಚೆನ್ನಾಗಿಲ್ಲ ಎಂದು ಬೈಯುತ್ತಲೇ ಕಂಬಳಿಗಳನ್ನು ಆರಿಸಿದಳು. ವ್ಯಾಪಾರಿ ಈ ಸಲ ಎದ್ದು ನಿಂತು ಪೂರ್ತಿ ಕೇಳಿಸಿಕೊಂಡ.

ಇದನ್ನು ನೋಡಿದ ತಮ್ಮ ತನ್ನ ಕಂಬಳಿಗಳನ್ನೂ ಹೊಳೆಗೆ ಹೊರಿಸಿದ. ಅಣ್ಣನಿಗಿಂತ ಹೆಚ್ಚೇ ತೊಳೆಸಿದ. ಪಾಲಾದ ಮೇಲೆ ಅವನು ಬೇರೆ ಕಡೆಯಿಂದ ಅಗ್ಗದ ಕಂಬಳಿ ತರಿಸಿದ್ದ. ಸಡಿಲ ನೇಯ್ಗೆಯನ್ನು ಗಂಜಿ ಮುಚ್ಚಿತ್ತು. ಗಂಜಿ ಹೋದದ್ದೇ ಕಂಬಳಿ ಜರಡಿಯಾಯಿತು. ಹಿಡಿದು ನೋಡಿದರೆ ಆಚೆಯ ಮನುಷ್ಯ ಕಾಣುತ್ತಿದ್ದ. ಅವನು ಅಣ್ಣನ ಬಳಿ ಬಂದು ಕುಳಿತ.

“ನೀನು ಮಾಡಿದ್ದನ್ನೇ ಮಾಡಿದೆ. ನನ್ನ ಕೈಗೇಕೆ ಹತ್ತಲಿಲ್ಲ, ಅಣ್ಣ?”

ವ್ಯಾಪಾರಿ ಯೋಚಿಸಿದ. ಹೊಳೆ ಒಂದೇ, ಕಲ್ಲು ಒಂದೇ, ತೊಳೆದ ಕೈಗಳೂ ಅವೇ. “ನನಗೂ ಸರಿಯಾಗಿ ಗೊತ್ತಿಲ್ಲ, ತಮ್ಮ. ಏಳು, ಊಟ ಮಾಡೋಣ,” ಎಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರ ಕೇಳಿದ:

“ಗುರುಗಳೇ, ಅಣ್ಣ ಎಲ್ಲರೂ ಬೇಡವೆಂದದ್ದನ್ನು ಮಾಡಿ ಗೆದ್ದ. ತಮ್ಮ ಅದನ್ನೇ ಮಾಡಿ ಸೋತ. ಕೇಳುವ ಮೊದಲು ನನಗೆ ಇಷ್ಟು ಗೊಂದಲವಿರಲಿಲ್ಲ. ಈಗ ನಾನು ಜನ ಹೇಳಿದಂತೆ ನಡೆಯಬೇಕೋ, ಅದಕ್ಕೆ ತಿರುಗಿ ನಡೆಯಬೇಕೋ?”

ಗುರುಗಳು ಕೇಳಿದರು: “ನಿನ್ನ ಅಂಗಡಿಯಿಂದ ಸಿಟ್ಟಾಗಿ ಇಳಿದು ಹೋದವರ ಮನೆ ಯಾವ ಓಣಿಯಲ್ಲಿದೆ, ಚನ್ನವೀರ?”

ಚನ್ನವೀರ ಅದನ್ನು ವಿಚಾರಿಸಿ ತಿಳಿಯಲು ಎದ್ದು ಹೊರಟ.