ಬೆಣ್ಣೆಗೊಳವೆಯ ಅಂಗಡಿ

ದೊಡ್ಡ ಹುಲ್ಲುಗಾವಲಿದ್ದ ಒಂದು ಕಾಡಿನಲ್ಲಿ, ಎಲ್ಲಕ್ಕಿಂತ ಕೆಳಗಿನ ತಗ್ಗಿನಲ್ಲಿ, ಕತ್ತೆಕಿರುಬಗಳ ಕೇರಿ ಇತ್ತು. ಹುಲ್ಲುಗಾವಲಿನಲ್ಲಿ ಮುದಿ ಕಾಡುಕೋಣ ಸತ್ತು ಬಿದ್ದರೆ ಅದನ್ನು ಎಳೆದು ತರುವುದು ಕೇರಿಯವರ ಕೆಲಸ. ಬೇರೆ ಯಾರೂ ಮಾಡದ ಕೆಲಸ. ಬೆಟ್ಟದ ಮೇಲಿನ ಚಿರತೆಗಳು ಅವರನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದವು. "ಸತ್ತದ್ದು ತಿನ್ನೋರು, ದೂರ ಇರಿ" ಎನ್ನುತ್ತಿದ್ದವು. ಕೋಣವನ್ನು ಅಲ್ಲೇ ಕೊಳೆಯಲು ಬಿಟ್ಟಿದ್ದರೆ ಚಿರತೆಗಳು ಕುಡಿಯುವ ನೀರೂ ಕೆಡುತ್ತಿತ್ತು. ಅದನ್ನು ಯಾರೂ ಹೇಳುತ್ತಿರಲಿಲ್ಲ.

ಕೇರಿಯಲ್ಲಿ ಗುಡ್ಡೆ ಹಾಕುವ ಪದ್ಧತಿ ಇತ್ತು. ತಂದ ಬಾಡನ್ನು ಮುತ್ತುಗದ ಎಲೆಯ ಮೇಲೆ ಮನೆಗೊಂದು ಗುಡ್ಡೆಯಾಗಿ ಹಾಕುತ್ತಿದ್ದರು. ಪ್ರತಿ ಗುಡ್ಡೆಯಲ್ಲೂ ಎಲ್ಲವೂ ಸ್ವಲ್ಪ ಸ್ವಲ್ಪ ಇರಬೇಕು. ತೊಡೆ, ಬೆನ್ನು, ಈಲಿ, ಕೆನ್ನೆ, ಬಾಲ, ಕರುಳು, ಎಲ್ಲ. ಒಬ್ಬರಿಗೆ ಬರೀ ತೊಡೆ, ಇನ್ನೊಬ್ಬರಿಗೆ ಬರೀ ಕರುಳು ಎಂಬುದು ಇರಲಿಲ್ಲ. ಕಾಲುಮೂಳೆ ಮಾತ್ರ ಗುಡ್ಡೆಗೆ ಸೇರುತ್ತಿರಲಿಲ್ಲ. ಅದು ಬಾಣಂತಿಯ ಪಾಲು. ಮೂಳೆ ಒಡೆದು ಒಳಗಿನ ಮಜ್ಜೆ ತಿನ್ನಿಸಿದರೆ ಬಾಣಂತಿಗೆ ಹಾಲು ಬರುತ್ತದೆ ಎಂದು ಎಲ್ಲರೂ ನಂಬಿದ್ದರು.

ಒಂದು ಬೇಸಿಗೆಯಲ್ಲಿ ಒಂದು ನರಿ ಬಂತು. ಹುಲ್ಲುಗಾವಲಿನ ಬದಿಯ ಚಪ್ಪಟೆ ಬಂಡೆಯ ಮೇಲೆ ಅಂಗಡಿ ಹಾಕಿತು. ಆಮೇಲೆ ಕೇರಿಗೆ ಇಳಿದು, ಅಲ್ಲಿಯ ಹಿರಿಯಳಾದ ದ್ಯಾವಕ್ಕನ ಎದುರು ಕುಳಿತಿತು.

"ಅಕ್ಕಾ, ಕೋಣ ಬಿದ್ರೆ ಎಳೆದು ನನ್ನ ಅಂಗಡಿಗೆ ತನ್ನಿ. ತೊಡೆ, ಬೆನ್ನು ನಾನು ಇಟ್ಕೋತೀನಿ. ಮಿಕ್ಕಿದ್ದೆಲ್ಲ ನಿಮ್ಮದೇ. ಬದಲಿಗೆ ಚಿರತೆಗಳಿಗೆ ಹೇಳಿ ನಿಮ್ಮವರು ಮೇಲಿನ ಕೊಳದಲ್ಲಿ ನೀರು ಕುಡಿಯೋ ಹಾಗೆ ಮಾಡ್ತೀನಿ."

"ಮಿಕ್ಕಿದ್ದು ಅಂದ್ರೆ ಏನೇನಪ್ಪ?"

"ಕತ್ತು, ಕೆನ್ನೆ, ಬಾಲ, ಕಾಲುಮೂಳೆ. ನೀವು ಬಿಟ್ರೆ ಅದನ್ನೆಲ್ಲ ಯಾರು ಕೇಳ್ತಾರೆ?"

ದ್ಯಾವಕ್ಕನ ಮೈದುನ ಸಣ್ಣಪ್ಪ ಗೊಣಗಿದ. "ಅತ್ತಿಗೆ, ತೊಡೆ ಬೇರೆ, ಬಾಲ ಬೇರೆ ಅಂತ ಒಂದ್ಸಲ ಮಾಡಿದ್ರೆ ಗುಡ್ಡೆ ಕೆಟ್ಟಂಗೇ."

"ನೀರು ಬೇಕಲ್ಲಪ್ಪ," ಎಂದಳು ದ್ಯಾವಕ್ಕ. "ನಮ್ಮ ಹಳ್ಳ ಒಣಗಿದೆ. ನನ್ನ ಮಗಳು ಹೊನ್ನಿ ತುಂಬು ಬಸುರಿ. ತೊಡೆ ಇಲ್ಲದಿದ್ರೆ ಬದುಕ್ತೀವಿ, ನೀರಿಲ್ಲದೆ ಹೆಂಗೆ?"

ಹೀಗೆ ಗುಡ್ಡೆ ಹಾಕುವುದು ನಿಂತುಹೋಯಿತು. ಕೇರಿಯವರ ತಪ್ಪು ಅದೊಂದೇ. ಬಾಯಾರಿದವರು ಮಾಡುವ ತಪ್ಪು.

ಚಿರತೆಗಳು ಅಂಗಡಿಗೆ ಬಂದವು. ನರಿ ಬಾಗಿ ನಿಂತು ಹೇಳಿತು. "ಇದು ಸತ್ತದ್ದರ ಬಾಡು ಅಂದ್ಕೋಬೇಡಿ ಬುದ್ಧಿ. ಬರೀ ಹುಲ್ಲು ಮೇಯ್ದು ಬೆಳೆದದ್ದು. ಬಂಡೆಯ ಮೇಲೆ ಹದವಾಗಿ ಮಾಗಿಸಿದ್ದು." ಬಾಡು ಅದೇ, ಎಳೆದು ತಂದವರೂ ಅವರೇ. ಆದರೆ ಚಿರತೆಗಳು ಮೂಗಿನ ಮೇಲಿನ ಕೈ ತೆಗೆದು ಚಪ್ಪರಿಸಿ ತಿಂದವು. ಬದಲಿಗೆ ನರಿಗೆ ಬೆಟ್ಟದ ಮೇಲೆ ತಂಪಾದ ಗವಿಯೊಂದನ್ನು ಬಿಟ್ಟುಕೊಟ್ಟವು.

ಒಂದು ಕೋಣಕ್ಕೆ ಎಷ್ಟು ತೊಡೆ ಇದ್ದೀತು? ಮಧ್ಯಾಹ್ನದೊಳಗೆ ತೊಡೆ, ಬೆನ್ನು ಎರಡೂ ಖಾಲಿ. ಎಲ್ಲಕ್ಕಿಂತ ದೊಡ್ಡ ಚಿರತೆ ಕೇಳಿತು, "ಇನ್ನೇನಿದೆಯೋ?" ನರಿ ಹಿಂದೆ ತಿರುಗಿ, ಕೇರಿಯವರಿಗೆಂದು ಎತ್ತಿಟ್ಟದ್ದನ್ನು ನೋಡಿತು.

ಮರುದಿನ ಬಾಲಕ್ಕೆ ಮುತ್ತಿನಸರ ಎಂದು ಹೆಸರಾಯಿತು. ಕತ್ತು ರಾಜಕಂಠವಾಯಿತು. ಕೆನ್ನೆ ಹೂಬಾಡಾಯಿತು.

"ಮುತ್ತಿನಸರವಂತೆ. ಇದು ಬಾಲ ಅಲ್ವೇನೋ?" ಎಂದಿತು ದೊಡ್ಡ ಚಿರತೆ.

"ಕೇರಿಯವರು ಬಾಲ ಅಂತಾರೆ ಬುದ್ಧಿ. ತಿನ್ನೋಕೆ ಬರದೋರು. ನಾಲಿಗೆ ಮೇಲಿಟ್ಟು ನೋಡಿ. ಇಲ್ಲಿವರೆಗೂ ಯಾರಿಗೂ ಗೊತ್ತಿರದ ರುಚಿ."

ಹುಟ್ಟಿದಾಗಿನಿಂದ ಬಾಲ ತಿಂದವರ ಕೇರಿಯೇ ಕೆಳಗೆ ಇತ್ತು. ಆದರೆ ನರಿಯ ಲೆಕ್ಕದಲ್ಲಿ ಅವರು ಯಾರೂ ಅಲ್ಲ. ಈಲಿ, ಕರುಳು ನರಿಯ ಹೊಟ್ಟೆಗೇ ಸೇರಿದವು. ಅವರ ಪಾಲಿಗೆ ಈಗ ಕಾಲುಮೂಳೆ, ಕೊಂಬು, ಗೊರಸು ಉಳಿದವು.

ಕಡೆಗೆ ಕಾಲುಮೂಳೆಯ ಸರದಿ ಬಂತು. ನರಿ ಅದನ್ನು ಬೆಣ್ಣೆಗೊಳವೆ ಎಂದು ಕರೆಯಿತು. ಚಿರತೆಗಳಿಗೆ ಮಜ್ಜೆ ಹಿಡಿಸಿತು, ಆದರೆ ಮೂಳೆ ಒಡೆಯಲು ಬರಲಿಲ್ಲ. ಕೋಣದ ಕಾಲುಮೂಳೆ ಒಡೆಯುವ ದವಡೆ ಕತ್ತೆಕಿರುಬಕ್ಕೆ ಮಾತ್ರ ಇದೆ. ನರಿ ದ್ಯಾವಕ್ಕನನ್ನು ಕರೆಸಿತು.

"ಬಾ ಅಕ್ಕಾ, ನಿನ್ನ ಹಲ್ಲು ಗಟ್ಟಿ. ಇವಿಷ್ಟು ಒಡೆದು ಕೊಡು."

"ಒಡೆದು ಕೊಡ್ತೀನಿ. ಹೊನ್ನಿ ಹೆತ್ತಿದಾಳೆ ಕಣಪ್ಪ. ಎರಡು ಮರಿ. ಚೀಪ್ತಾವೆ, ಏನೂ ಬರ್ತಿಲ್ಲ. ಅವಳಿಗೆ ಒಂದು ಮೂಳೆ ಕೊಡು."

"ಮೊದಲಾಗಿದ್ರೆ ಕೊಡ್ತಿದ್ದೆ. ಈಗ ಇದು ಕಾಲುಮೂಳೆ ಅಲ್ವಲ್ಲ."

"ಹೆಸರು ಏನಾದ್ರೂ ಇಟ್ಕೋ. ಮೂಳೆ ಅದೇ ತಾನೆ?"

"ನಿಂಗೆ ಅರ್ಥ ಆಗಲ್ಲ ಬಿಡು. ಹೋಗ್ತಾ ಆ ಕೊಂಬು ತಗೊಂಡು ಹೋಗು."

ದ್ಯಾವಕ್ಕ ಮೂಳೆ ಒಡೆದಳು. ಹಲ್ಲಿನ ಸಂದಿಯಲ್ಲಿ ಮಜ್ಜೆ ಅಂಟಿಕೊಂಡಿತು. ನುಂಗಲು ಮನಸ್ಸಾಗಲಿಲ್ಲ. ಬಾಯಿ ಬಿಗಿದುಕೊಂಡು, ಕೊಂಬು ಎಳೆದುಕೊಂಡು ಕೇರಿಗೆ ಇಳಿದಳು.

"ಏನು ತಂದೆ ಅವ್ವಾ?" ಎಂದಳು ಹೊನ್ನಿ.

ದ್ಯಾವಕ್ಕ ಬಾಯಿ ತೆರೆದಳು. ಹೊನ್ನಿ ತಾಯಿಯ ಹಲ್ಲು ನೆಕ್ಕಿದಳು. ಮರಿಗಳು ಅಳುವುದನ್ನೂ ಕಡಿಮೆ ಮಾಡಿದ್ದವು.

ಸಣ್ಣಪ್ಪ ಅದನ್ನು ನೋಡಿ ಎದ್ದು ನಿಂತ. "ನಡೀರಿ ಅತ್ತಿಗೆ, ಆ ಅಂಗಡಿ ಕೆಡವೋಣ."

"ಕೆಡವೋಕೆ ಮೈಯಲ್ಲಿ ಏನಿದೆಯಪ್ಪ? ಎಳೆದೂ ಎಳೆದೂ ಸಾಕಾಗಿದೆ. ಬಿದ್ಕೋ. ನಾಳೆ ಎದ್ದೇಳಬೇಡ."

"ಅಂದ್ರೆ?"

"ಎದ್ದೇಳಬೇಡ, ಅಷ್ಟೇ. ಯಾರೂ ಏಳೋದು ಬೇಡ."

ಬೆಳಿಗ್ಗೆ ಇನ್ನೊಂದು ಮುದಿ ಕೋಣ ಮೇಲಿನ ಕೊಳದ ದಂಡೆಯಲ್ಲೇ ಬಿದ್ದು ಸತ್ತಿತು. ಎಳೆಯಲು ಯಾರೂ ಬರಲಿಲ್ಲ. ಬಿಸಿಲೇರಿದ ಮೇಲೆ ನರಿ ಕೇರಿಗೆ ಓಡಿ ಬಂತು.

"ಅಕ್ಕಾ, ಕೋಣ ಬಿದ್ದಿದೆ."

"ಬಿದ್ದಿರಲಿ."

"ಎಳೀಬೇಕಲ್ಲ."

"ಎಳಿ."

"ನಾನಾ?"

"ಅಂಗಡಿ ಯಾರದಪ್ಪ?"

ನರಿ ಹಲ್ಲುಕಿರಿಯಿತು. "ಆಯ್ತು, ಬಾಲ ನಿಮಗೇ ಕೊಡ್ತೀನಿ."

"ಬಾಲ ಅನ್ನಬೇಡ. ಮುತ್ತಿನಸರ ಅನ್ನು," ಎಂದ ಸಣ್ಣಪ್ಪ ಮಲಗಿದಲ್ಲಿಂದಲೇ.

"ಹಂಗಾದ್ರೆ ಇವತ್ತಿಂದ ನಿಮಗೆ ಕೊಳದ ನೀರಿಲ್ಲ."

"ಕೋಣ ಅಲ್ಲೇ ಇದ್ರೆ ಇನ್ನೆರಡು ದಿನಕ್ಕೆ ಯಾರಿಗೂ ನೀರಿಲ್ಲ," ಎಂದು ದ್ಯಾವಕ್ಕ ಮಗ್ಗುಲು ಬದಲಾಯಿಸಿದಳು.

ನರಿ ಒಂದೇ ಹೋಗಿ ಕೋಣದ ಕಿವಿ ಕಚ್ಚಿ ಎಳೆಯಿತು. ಕೋಣ ಅಲುಗಲಿಲ್ಲ. ಹೊತ್ತು ಇಳಿಯುವಾಗ ಚಿರತೆಗಳು ಅಂಗಡಿಗೆ ಬಂದವು. ಬಂಡೆ ಬರಿದಾಗಿತ್ತು.

"ಬಾಡು ಎಲ್ಲೋ?"

"ಕೋಣ ಕೊಳದ ಹತ್ತಿರ ಇದೆ ಬುದ್ಧಿ. ಇವತ್ತೊಂದಿನ ಅಲ್ಲೇ ಊಟ ಮಾಡಿಬಿಡಿ."

"ಸತ್ತು ಬಿದ್ದಲ್ಲಿ ಬಾಯಿ ಹಾಕೋಕೆ ನಾವೇನು ಕೇರಿಯವರಾ? ಮಾಗಿಸಿದ್ದೇ ಬಾಡು ಅಂತ ರುಚಿ ಹತ್ತಿಸಿದೋನು ನೀನು." ದೊಡ್ಡ ಚಿರತೆ ನರಿಯ ಸುತ್ತ ಒಂದು ಸುತ್ತು ಬಂತು. ನಿಧಾನವಾಗಿ ಮೂಸಿತು. "ಅದಿರಲಿ. ನಿನ್ನ ತೊಡೆಗೆ ಏನು ಹೆಸರು?"

ನರಿ ನಗಲು ನೋಡಿತು. "ನರಿ ಬಾಡು ಯಾರೂ ತಿನ್ನಲ್ಲ ಬುದ್ಧಿ. ಕೆಟ್ಟ ವಾಸನೆ."

"ಬಾಲಾನೂ ಯಾರೂ ತಿಂತಿರಲಿಲ್ಲ. ನಾಲಿಗೆ ಮೇಲಿಟ್ಟು ನೋಡಿ ಅಂದೋನು ನೀನೇ."

ಎಲ್ಲದಕ್ಕೂ ಹೆಸರಿಟ್ಟ ನರಿ ತನ್ನ ತೊಡೆಗೆ ಹೆಸರು ಹುಡುಕಲು ನಿಲ್ಲಲಿಲ್ಲ. ಅದು ಹಾರಿ ಓಡಿತು. ಬಾಲ ಚಿರತೆಯ ಬಾಯಲ್ಲಿ ಉಳಿಯಿತು. ಚಿರತೆ ಅದನ್ನು ಅಗಿದು ನೋಡಿ ಉಗುಳಿತು. ನರಿ ಆ ಕಾಡಿಗೆ ಮತ್ತೆ ಬರಲಿಲ್ಲ.

ಮರುದಿನ ಕೊಳದ ಗಾಳಿ ಕೆಟ್ಟಿತು. ದೊಡ್ಡ ಚಿರತೆ ಮೊದಲ ಸಲ ಕೇರಿಗೆ ಇಳಿದು ಬಂತು. ಮೂಗು ಮುಚ್ಚಿಕೊಳ್ಳಲಿಲ್ಲ.

"ಕೋಣ ತೆಗೀರಿ. ನೀರು ಹಾಳಾಗುತ್ತೆ."

"ತೆಗೀತೀವಿ," ಎಂದಳು ದ್ಯಾವಕ್ಕ. ಅವಳು ಏಳಲಿಲ್ಲ. "ಕೇರಿಗೆ ತರ್ತೀವಿ. ಕೊಳದ ನೀರು ಕುಡೀತೀವಿ, ಯಾರನ್ನೂ ಕೇಳಲ್ಲ. ಬಾಡು ಗುಡ್ಡೆ ಹಾಕ್ತೀವಿ. ಬೇಕಿದ್ರೆ ನಿಮಗೂ ಒಂದು ಗುಡ್ಡೆ. ತೊಡೆ ಬೇರೆ ಮಾಡಿ ಕೊಡಲ್ಲ."

"ಕರುಳೂ ಇರುತ್ತಾ ಅದರಲ್ಲಿ?"

"ಇರುತ್ತೆ."

ಚಿರತೆ ಮುಖ ಸಿಂಡರಿಸಿತು. ಆಮೇಲೆ ಹೂಂ ಎಂದು ತಲೆಯಾಡಿಸಿತು.

ಕೇರಿಯವರು ಎದ್ದರು. ಮತ್ತೆ ಅದೇ ಏರು, ಅದೇ ಭಾರ. ಕೋಣ ಕೆಳಗೆ ಬಂದ ಕೂಡಲೇ ದ್ಯಾವಕ್ಕ ಮೊದಲು ಕಾಲುಮೂಳೆ ಒಡೆದು ಹೊನ್ನಿಯ ಮುಂದಿಟ್ಟಳು. ಅಷ್ಟರಲ್ಲಿ ಒಂದು ಮರಿ ತಣ್ಣಗಾಗಿತ್ತು. ಇನ್ನೊಂದು ಚೀಪುತ್ತಲೇ ಇತ್ತು. ಸಂಜೆ ಹೊತ್ತಿಗೆ ಅದರ ತುಟಿಯ ಅಂಚಿನಲ್ಲಿ ಹಾಲು ಕಂಡಿತು. ಯಾರೂ ಕುಣಿಯಲಿಲ್ಲ. ಸಣ್ಣಪ್ಪ ಸತ್ತ ಮರಿಯನ್ನು ಮಣ್ಣು ಮಾಡಿ ಬಂದು, ಎಲೆ ಹಾಸಿ, ಗುಡ್ಡೆ ಹಾಕಲು ಕುಳಿತ.

ನೀತಿ: ದುಡಿಯುವವರ ಊಟಕ್ಕೆ ಹೊಸ ಹೆಸರಿಟ್ಟು, ಅದು ಅವರಿಗೇ ಸಿಗದಂತೆ ಮಾರುವುದು ಕಳ್ಳತನ. ಅಂಥ ಅಂಗಡಿ ನಿಮ್ಮ ಹೆಗಲಿನ ಮೇಲೆ ನಿಂತಿದ್ದರೆ, ಮನೆಯಲ್ಲಿ ಒಂದು ಜೀವ ಹೋಗುವವರೆಗೂ ಕಾಯಬೇಡಿ, ಇವತ್ತೇ ಇಳಿಸಿ.