ಫ್ಯಾನಿನೊಳಗಿನ ಬಲೆ

ಜೇಡನಾದ ನಾನು ನೇಯ್ಗೆಯ ಪಾಠ ಅರ್ಧಕ್ಕೇ ಬಿಟ್ಟು ಮೊದಲ ಸಲ ಮನೆಯಿಂದ ಹೊರಟದ್ದು ಶಿವರಾತ್ರಿಯ ಮರುದಿನ. ಅಲೆದಲೆದು ಕೊನೆಗೆ ಕಾರ್ಖಾನೆಯೊಂದರ ಹೊಗೆ ಸೋಸುವ ಫ್ಯಾನಿನಲ್ಲಿ ಬಲೆ ಕಟ್ಟಿ ವರ್ಷ ಕಳೆದೆ. ಎದುರಿನ ಹುಣಸೆಮರದಲ್ಲಿ ಗುಬ್ಬಿಮರಿಗಳು ಹೊಗೆ ಕುಡಿದು ಕೆಮ್ಮುತ್ತಿದ್ದವು.

ಪರವಾನಗಿ ನವೀಕರಿಸಲು ಗಿಡುಗ ಅಧಿಕಾರಿ ಬಂದ ದಿನ ಚಿಮಣಿ ಮೆಲ್ಲಗೆ ಹೇಳಿತು: "ಜೇಡಣ್ಣ, ಬಲೆ ಬಿಚ್ಚಿ ಅವಿತುಕೋ. ಬಲೆ ಕಂಡರೆ ಫ್ಯಾನು ತಿರುಗಿಸಿ ಅನ್ನುತ್ತಾರೆ, ತಿರುಗಿದರೆ ನಿನಗೂ ಮನೆಯಿಲ್ಲ."

ಆಮೇಲೆ ಗಿಡುಗನಿಗೆ, "ವರ್ಷವಿಡೀ ತಿರುಗುತ್ತದೆ ಸ್ವಾಮಿ, ಒರೆಸಲೆಂದು ಈಗಷ್ಟೇ ನಿಲ್ಲಿಸಿದೆವು" ಎಂದಿತು.

ನಾನು ಬಲೆಯ ನಡುವೆ ಬಂದು ಕೂತೆ.

"ಎಷ್ಟು ದಿನದಿಂದ ಇದ್ದೀಯಪ್ಪ?" ಗಿಡುಗ ಕೇಳಿದರು.

"ವರ್ಷವಾಯಿತು ಸ್ವಾಮಿ. ಒಂದೆಳೆಯೂ ಹರಿದಿಲ್ಲ."

"ಫ್ಯಾನು ತಿರುಗದೆ ಕುಲುಮೆ ಉರಿಯಕೂಡದು, ಪರವಾನಗಿಯೂ ಇಲ್ಲ" ಎಂದರು ಗಿಡುಗ.

ನಾನೇ ಬಲೆ ಬಿಚ್ಚಿ ಉಂಡೆ ಸುತ್ತಿದೆ. ಫ್ಯಾನು ಗಿರ್ರನೆ ತಿರುಗಿತು, ಗುಬ್ಬಿಮರಿಗಳು ಕೆಮ್ಮದೆ ಕೂಗಿದವು. ಮೀಸೆಯಿದ್ದಿದ್ದರೆ ತಿರುವುತ್ತಿದ್ದೆ, ಉಂಡೆಯನ್ನು ಬೆನ್ನಿಗೇರಿಸಿ ಹೊರಟೆ.